ನಾಲಿಗೆ ಮೇಲೆ ಹಲ್ಲಿರುವ ಮೀನು: ದೂರಶಿಕ್ಷಣದಲ್ಲಿ ಮೀನಿನ ಬಗ್ಗೆ ಓದೋದು ಹೇಗೆ?

ಮುನಿರಾಬಾದ್ ಹುಡುಗಿ

ಎಲ್ಲರಿಗೂ ನಮಸ್ಕಾರ. ನನ್ನೂರು ಕೊಪ್ಪಳ ಜಿಲ್ಲೆಯ ಮುನಿರಾಬಾದ್. ತುಂಗಭದ್ರಾ ಡ್ಯಾಮ್ ಹತ್ತಿರವೇ ಮನೆ. ಪಿಯುಸಿಯಲ್ಲಿ ಪಿಸಿಎಂಬಿ ಓದಿದೆ. ಆಮೇಲೆ ಮನೆ ಕಷ್ಟಕ್ಕೆ ಓದು ನಿಂತಿತು. ಈಗ ಒಂದು ಗೊಬ್ಬರದ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಅಪ್ಪ ಹಿನ್ನೀರಿನಲ್ಲಿ ಮೀನು ಹಿಡಿಯುತ್ತಾರೆ.

ಹೋದ ತಿಂಗಳು ಅಪ್ಪ ಒಂದು ಚಪ್ಪಲಿ ಮೀನು ತಂದಿದ್ದರು. ಚಪ್ಪಟೆ ಮೈ, ಗೂನು ಬೆನ್ನು. ಹೊಟ್ಟೆ ಕೆಳಗಿನ ರೆಕ್ಕೆ ಸೀರೆ ಅಂಚಿನ ಹಾಗೆ ಬಾಲದ ತನಕ ಒಂದೇ ಸಮನೆ ಹೋಗುತ್ತದೆ. ತೊಳೆಯುವಾಗ ಬೆರಳು ಬಾಯೊಳಗೆ ಹೋಯಿತು. ನಾಲಿಗೆ ಮೇಲೆ ಮುಳ್ಳು ಚುಚ್ಚಿತು. ಟಾರ್ಚ್ ಹಾಕಿ ನೋಡಿದರೆ ಅವು ಹಲ್ಲುಗಳು! ಇಷ್ಟು ವರ್ಷ ಈ ಮೀನು ತಿಂದಿದ್ದೇವೆ, ಯಾರೂ ನೋಡಿರಲಿಲ್ಲ. ನಾಲಿಗೆ ಮೇಲೆ ಹಲ್ಲು ಯಾಕೆ? ಬೇರೆ ಮೀನಿಗೆ ಯಾಕಿಲ್ಲ? ಅವತ್ತಿಂದ ತಲೆಯಲ್ಲಿ ಇದೇ ಓಡುತ್ತಿದೆ.

ಮೀನಿನ ಮೈ ಹೇಗೆ ಕೆಲಸ ಮಾಡುತ್ತದೆ, ಇಷ್ಟೊಂದು ಜಾತಿ ಹೇಗಾದವು ಅಂತ ಸರಿಯಾಗಿ ಓದಬೇಕು ಅನ್ನಿಸಿದೆ. ಕೆಲಸ ಬಿಡೋಕೆ ಆಗಲ್ಲ. ದೂರಶಿಕ್ಷಣವೇ ದಾರಿ. ಆದರೆ ಎರಡು ವರ್ಷದ ಹಿಂದೆ ಒಂದು ಖಾಸಗಿ ಸೆಂಟರ್‌ನವರು 'ಮನೆಯಲ್ಲೇ ಕೂತು ಫಿಶರೀಸ್ ಡಿಗ್ರಿ' ಅಂತ ಹೇಳಿ 14 ಸಾವಿರ ಕಟ್ಟಿಸಿಕೊಂಡರು. ಪುಸ್ತಕ ಬರಲಿಲ್ಲ, ಪರೀಕ್ಷೆ ನಡೆಯಲಿಲ್ಲ. ಕೊನೆಗೆ ಬಾಗಿಲಿಗೆ ಬೀಗ. ಅದು ಅಮ್ಮನ ಸಂಘದ ಸಾಲದ ದುಡ್ಡು. ಈ ಸಲ ತಪ್ಪು ಹೆಜ್ಜೆ ಇಡಬಾರದು. ತಿಳಿದವರು ಹೇಳಿ.

ಬಳ್ಳಾರಿ ಓದುಗ

ತಂಗಿ, ಮೊದಲು ಒಂದು ಮಾತು ಗಟ್ಟಿಯಾಗಿ ಹೇಳಿಬಿಡುತ್ತೇನೆ. ಬಿ.ಎಫ್.ಎಸ್ಸಿ., ಅಂದರೆ ಮೀನುಗಾರಿಕೆ ವಿಜ್ಞಾನದ ಪದವಿ, ದೂರಶಿಕ್ಷಣದಲ್ಲಿ ಇಲ್ಲ. ಅದು ಕಾಲೇಜಿಗೆ ಹೋಗಿಯೇ ಓದಬೇಕಾದ 4 ವರ್ಷದ ಕೋರ್ಸು. ನಮ್ಮ ರಾಜ್ಯದಲ್ಲಿ ಮಂಗಳೂರಿನ ಮೀನುಗಾರಿಕೆ ಕಾಲೇಜು 1969ರಿಂದ ಇದೆ, ಈಗ ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಕೆಳಗೆ ಬರುತ್ತದೆ. ಹಾಗಾಗಿ 'ಮನೆಯಲ್ಲೇ ಫಿಶರೀಸ್ ಡಿಗ್ರಿ' ಅಂತ ಯಾರೇ ಹೇಳಿದರೂ ದುಡ್ಡು ಕೊಡಬೇಡಿ.

ನಿಮಗೆ ಬೇಕಾಗಿರೋದು ಮೀನಿನ ಮೈ ಮತ್ತು ವಿಕಾಸ. ಅದಕ್ಕೆ ಪ್ರಾಣಿಶಾಸ್ತ್ರದ ದಾರಿ ಇದೆ. ನಾನು ಇಗ್ನೊದಲ್ಲಿ, ಅಂದರೆ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದಲ್ಲಿ, ಬಿ.ಎಸ್ಸಿ. ಮಾಡುತ್ತಿದ್ದೇನೆ. ಪ್ರಾಣಿಶಾಸ್ತ್ರದಲ್ಲಿ ಪ್ರಾಣಿ ವೈವಿಧ್ಯ, ಬೆನ್ನೆಲುಬಿರುವ ಪ್ರಾಣಿಗಳ ಅಂಗರಚನೆ ಹೋಲಿಸೋ ಪೇಪರ್, ತಳಿಶಾಸ್ತ್ರ ಮತ್ತು ವಿಕಾಸದ ಪೇಪರ್ ಎಲ್ಲಾ ಇವೆ. ಮೀನು ಎಲ್ಲದರಲ್ಲೂ ಬರುತ್ತದೆ. ಸೇರೋ ಮೊದಲೇ ಪಠ್ಯ ನೋಡಬೇಕು ಅಂದರೆ ಇಗ್ನೊದ ಇ-ಜ್ಞಾನಕೋಶ ತಾಣದಲ್ಲಿ ಪುಸ್ತಕಗಳು ಪುಕ್ಕಟೆ ಸಿಗುತ್ತವೆ. ಒಂದು ಘಟಕ ಓದಿ ನೋಡಿ, ಆಮೇಲೆ ಫೀಸ್ ಕಟ್ಟಿ.

ತೊಂದರೆ ಎರಡು. ಒಂದು, ಪುಸ್ತಕ ಇಂಗ್ಲಿಷ್ ಇಲ್ಲಾ ಹಿಂದಿಯಲ್ಲಿ. ಕನ್ನಡದಲ್ಲಿ ಇಲ್ಲ. ಎರಡು, ಪ್ರಾಕ್ಟಿಕಲ್. ಲ್ಯಾಬ್‌ಗೆ ಹಾಜರಿ ಕಡ್ಡಾಯ, ಮತ್ತೆ ಅದು ಎಲ್ಲಾ ಅಧ್ಯಯನ ಕೇಂದ್ರದಲ್ಲೂ ನಡೆಯೋದಿಲ್ಲ. ಹತ್ತಿರದ ಯಾವ ಕೇಂದ್ರದಲ್ಲಿ ಬಿ.ಎಸ್ಸಿ. ಲ್ಯಾಬ್ ಇದೆ ಅಂತ ಪ್ರಾದೇಶಿಕ ಕೇಂದ್ರಕ್ಕೆ ಬರೆದು ಕೇಳಿ, ಉತ್ತರ ಬರಹದಲ್ಲೇ ಇಟ್ಟುಕೊಳ್ಳಿ. ಲ್ಯಾಬ್ ದಿನಗಳು ಒಟ್ಟಿಗೇ ಬರುತ್ತವೆ. ಅಂಗಡಿ ಯಜಮಾನರ ಹತ್ತಿರ ರಜೆಯ ಮಾತು ಈಗಲೇ ಆಡಿಬಿಡಿ. ನಾನು ಮೊದಲ ವರ್ಷ ಆಡಲಿಲ್ಲ. ಲ್ಯಾಬ್ ತಪ್ಪಿತು, ಒಂದು ವರ್ಷ ಹೋಯಿತು.

ಯಾವ ವಿಶ್ವವಿದ್ಯಾಲಯ ಆದರೂ ಯುಜಿಸಿಯ ದೂರಶಿಕ್ಷಣ ಬ್ಯೂರೋ, ಅಂದರೆ ಡಿಇಬಿ ತಾಣದಲ್ಲಿ ಅದರ ಹೆಸರು ಮತ್ತು ಕೋರ್ಸಿನ ಹೆಸರು ಎರಡೂ ಇರಬೇಕು. ಹೆಸರಿದ್ದು ಕೋರ್ಸ್ ಇಲ್ಲದಿದ್ದರೆ ಬೇಡ. ಈಗ ಸೇರೋಕೆ ವಿದ್ಯಾರ್ಥಿಯೇ ಡಿಇಬಿ ಐಡಿ ಮಾಡಿಕೊಳ್ಳಬೇಕು. ಹಾಗೆ ಮಾನ್ಯತೆ ಇರುವ ದೂರಶಿಕ್ಷಣದ ಪದವಿ ರೆಗ್ಯುಲರ್ ಪದವಿಗೆ ಸಮ ಅಂತ 2022ರಲ್ಲಿ ಯುಜಿಸಿ ಸ್ಪಷ್ಟವಾಗಿ ಹೇಳಿದೆ. ಆದರೆ ಕೆಲಸದ ಅಧಿಸೂಚನೆಯಲ್ಲಿ ಬಿ.ಎಫ್.ಎಸ್ಸಿ.ಯೇ ಬೇಕು ಅಂತಿದ್ದರೆ ಪ್ರಾಣಿಶಾಸ್ತ್ರದ ಬಿ.ಎಸ್ಸಿ. ನಡೆಯೋದಿಲ್ಲ. ಇದು ಗೊತ್ತಿದ್ದೇ ಸೇರಿ.

ಮಾನ್ವಿ ಮೇಷ್ಟ್ರು

ಮಗಳೇ, ನಿನ್ನ ಪ್ರಶ್ನೆ ಓದಿ ಬಹಳ ಖುಷಿಯಾಯಿತು. ಮೂವತ್ತು ವರ್ಷ ಜೀವಶಾಸ್ತ್ರ ಪಾಠ ಮಾಡಿದೆ. ಮೀನಿನ ಬಾಯಿಗೆ ಟಾರ್ಚ್ ಹಾಕಿ ನೋಡಿ ಬಂದವರನ್ನ ನೋಡಿರಲಿಲ್ಲ.

ನೀನು ನೋಡಿದ್ದು ನೊಟೊಪ್ಟೆರಸ್. ಅದು ಸೇರುವ ಗುಂಪಿನ ಹೆಸರಿನ ಅರ್ಥವೇ 'ಎಲುಬಿನ ನಾಲಿಗೆಯವು'. ಎಲುಬು ಮೀನುಗಳಲ್ಲಿ ಇದು ಬಹಳ ಹಳೆಯ ಕವಲು. ಇದರ ನೆಂಟರು ದಕ್ಷಿಣ ಅಮೆರಿಕದಲ್ಲಿ ಇದ್ದಾರೆ, ಆಫ್ರಿಕಾದಲ್ಲಿ ಇದ್ದಾರೆ, ಆಸ್ಟ್ರೇಲಿಯಾದಲ್ಲೂ ಇದ್ದಾರೆ. ಅಮೆಜಾನ್ ನದಿಯ ಅರಪೈಮ ಎಂಬ ಭಾರಿ ಮೀನು ಇದೇ ಬಳಗ. ಈ ಮೀನುಗಳು ನಾಲಿಗೆಯ ಹಲ್ಲನ್ನ ಬಾಯಿಯ ಮೇಲ್ಭಾಗಕ್ಕೆ ಒತ್ತಿ ಬೇಟೆಯನ್ನ ಹಿಡಿಯುತ್ತವೆ. ನಮ್ಮ ಹಲ್ಲು ದವಡೆಯಲ್ಲಿ ಮಾತ್ರ ಇರೋದರಿಂದ ಅಲ್ಲೇ ಇರಬೇಕು ಅಂದುಕೊಳ್ಳುತ್ತೇವೆ. ಮೀನುಗಳಲ್ಲಿ ಹಾಗಿಲ್ಲ. ರೋಹುವಿನ ದವಡೆ ಮುಟ್ಟಿ ನೋಡು, ಒಂದು ಹಲ್ಲೂ ಸಿಗೋಲ್ಲ. ಅದರ ಹಲ್ಲು ಗಂಟಲಲ್ಲಿದೆ.

ದೂರಶಿಕ್ಷಣ ಅಂದರೆ ಲ್ಯಾಬ್ ದೂರ ಅಂತ ಹೆದರಬೇಡ. ಕೇಂದ್ರದ ಲ್ಯಾಬ್ ಮಾರ್ಕ್ಸಿಗೆ ಬೇಕೇ ಬೇಕು, ಅದು ಬೇರೆ ಮಾತು. ಕಲಿಯೋಕೆ ನಿನ್ನ ಮನೆ ಕಲ್ಲಿನ ಮೇಲೇ ಶುರು ಮಾಡು. ಒಂದು ಇಡೀ ರೋಹು ತಗೋ. ಮಾರುವವರಿಗೆ ಕಿವಿರು ತೆಗೀಬೇಡಿ, ಹೊಟ್ಟೆ ಸೀಳಬೇಡಿ ಅಂತ ಮೊದಲೇ ಹೇಳು. ಸಣ್ಣ ಕತ್ತರಿ, ಚಿಮಟ, ಬಿಳಿ ತಟ್ಟೆ, ಅಳತೆ ಟೇಪ್ ಸಾಕು. ಮೊದಲು ಸೀಳದ ಮೀನನ್ನೇ ಹತ್ತು ನಿಮಿಷ ನೋಡಿ ಚಿತ್ರ ಬರಿ. ಕತ್ತರಿ ಆಮೇಲೆ. ಗುದದಿಂದ ಮುಂದಕ್ಕೆ ಕತ್ತರಿಸು, ಕತ್ತರಿಯ ತುದಿ ಮೇಲೆತ್ತಿ ಹಿಡಿ, ಇಲ್ಲಾಂದರೆ ಕರುಳು ಹರಿಯುತ್ತದೆ. ಪಿತ್ತದ ಚೀಲ ಒಡೆಯಬೇಡ. ಒಡೆದರೆ ಸಾರು ಕಹಿ. ಅಮ್ಮ ಮುಂದಿನ ಸಲ ಮೀನು ಮುಟ್ಟೋಕೆ ಬಿಡೋದಿಲ್ಲ.

ಕಂಪ್ಲಿ ಹರಿಗೋಲು

ಮೇಷ್ಟ್ರೇ, ನನಗೊಂದು ಸಂಶಯ. ನಮ್ಮ ಮನೆಯವರು ತಲೆತಲಾಂತರದಿಂದ ನದಿಯಲ್ಲಿ ಇದ್ದವರು. ಅಜ್ಜ ಹಿಡಿದ ಬಾಳೆ ಮೀನೂ ಬಾಳೆ ಮೀನೇ, ನಾನು ಹಿಡಿಯೋದೂ ಅದೇ. ಬದಲಾಗಿದ್ದು ಕಂಡಿಲ್ಲ. ಮೀನಿನಿಂದ ಮನುಷ್ಯ ಬಂದ ಅಂದರೆ ನಂಬೋದು ಹೇಗೆ? ಕೊರಮೀನು ನೀರು ಬಿಟ್ಟು ತಾಸುಗಟ್ಟಲೆ ಬದುಕುತ್ತದೆ, ಕೆಸರಲ್ಲಿ ತೆವಳುತ್ತದೆ. ಹಾಗಾದರೆ ಅದೇ ಮುಂದೆ ಕಾಲು ಬಂದು ಮೇಲೆ ಹತ್ತುತ್ತದಾ?

ಮಾನ್ವಿ ಮೇಷ್ಟ್ರು

ಒಳ್ಳೆ ಪ್ರಶ್ನೆ ತಮ್ಮಾ. ಸುಮ್ನೆ ನಂಬು ಅಂತ ನಾನು ಹೇಳೋಲ್ಲ.

ಅಜ್ಜನಿಂದ ನಿನ್ನ ತನಕ ಎಷ್ಟು ವರ್ಷ? ನೂರು ಅಂತಿಟ್ಟುಕೋ. ಚೀನಾದ ಚೆಂಗ್‌ಜಿಯಾಂಗ್‌ನಲ್ಲಿ ಸಿಕ್ಕ ಮೀನಿನಂಥ ಜೀವಿಗಳ ಕಲ್ಲಚ್ಚು ಸುಮಾರು 51.8 ಕೋಟಿ ವರ್ಷ ಹಳೆಯದು. ಅವು ಬೆರಳುದ್ದವೂ ಇಲ್ಲ, ದವಡೆಯೇ ಇಲ್ಲ. ದವಡೆ ಆಮೇಲೆ ಬಂತು, ಕಿವಿರನ್ನ ಹೊತ್ತ ಕಮಾನಿನಂಥ ಎಲುಬುಗಳ ಸಾಲಿನಿಂದ ಬಂತು ಅಂತ ಬಹುತೇಕ ವಿಜ್ಞಾನಿಗಳ ಮತ. ಆಮೇಲೆ ಎಲುಬು ಮೀನುಗಳಲ್ಲಿ ಎರಡು ದೊಡ್ಡ ಕವಲಾದವು. ಒಂದರ ರೆಕ್ಕೆ ಬೀಸಣಿಗೆ ಕಡ್ಡಿಯ ಹಾಗೆ. ರೋಹು, ಬಾಳೆ, ಕೊರಮೀನು ಎಲ್ಲಾ ಅದೇ ಕವಲು. ಇನ್ನೊಂದರ ರೆಕ್ಕೆಯ ಬುಡದಲ್ಲಿ ಮಾಂಸ, ಒಳಗೆ ಗಟ್ಟಿ ಎಲುಬು. ನಾವು ಬಂದಿದ್ದು ಎರಡನೇ ಕವಲಿನಿಂದ.

2004ರಲ್ಲಿ ಕೆನಡಾದ ಉತ್ತರದ ಎಲ್ಸ್‌ಮಿಯರ್ ದ್ವೀಪದಲ್ಲಿ ನೀಲ್ ಶುಬಿನ್ ಮತ್ತು ಜೊತೆಗಾರರಿಗೆ ಟಿಕ್ಟಾಲಿಕ್ ಸಿಕ್ಕಿತು. ಸುಮಾರು 37.5 ಕೋಟಿ ವರ್ಷ ಹಳೆಯದು. ಹುರುಪೆ ಇದೆ, ಕಿವಿರು ಇದೆ, ರೆಕ್ಕೆ ಇದೆ. ಜೊತೆಗೆ ತಲೆ ತಿರುಗಿಸೋಕೆ ಕತ್ತು ಇದೆ, ರೆಕ್ಕೆಯೊಳಗೆ ತೋಳಿನ ಎಲುಬು, ಮಣಿಕಟ್ಟಿನಂಥ ಕೀಲು ಇದೆ. ನಿನ್ನ ತೋಳು ಮುಟ್ಟಿ ನೋಡು. ಮೇಲೆ ಒಂದು ಎಲುಬು, ಮೊಣಕೈ ಕೆಳಗೆ ಎರಡು, ಆಮೇಲೆ ಸಣ್ಣವು ತುಂಬಾ. ಆ ವರಸೆ ಆಗಲೇ ಶುರುವಾಗಿತ್ತು. ಆ ಕಾಲದ ಕಲ್ಲಿನ ಪದರದಲ್ಲಿ ಇಂಥದ್ದು ಸಿಗಬೇಕು ಅಂತ ಮೊದಲೇ ಲೆಕ್ಕ ಹಾಕಿ, ಅಲ್ಲಿ ಹೋಗಿ ಹಲವು ವರ್ಷ ಹುಡುಕಿದರು. ಹುಡುಕಿದಲ್ಲೇ ಸಿಕ್ಕಿತು. ನನಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಇನ್ನು ಕೊರಮೀನು. ಅದು ನಮ್ಮ ಅಜ್ಜನೂ ಅಲ್ಲ, ಮುಂದಿನ ಮನುಷ್ಯನೂ ಅಲ್ಲ. ಅದರ ತಲೆಯಲ್ಲಿ ಕಿವಿರಿನ ಮೇಲೆ ಒಂದು ಗೂಡು ಇದೆ. ಬಾಯಲ್ಲಿ ಗಾಳಿ ನುಂಗಿ ಅಲ್ಲಿ ಉಸಿರಾಡುತ್ತದೆ. ಇದು ಅದರ ಬಳಗದಲ್ಲಿ ಬೇರೆಯಾಗಿ ಹುಟ್ಟಿದ ಉಪಾಯ. ಶ್ವಾಸಕೋಶಕ್ಕೂ ಅದಕ್ಕೂ ಸಂಬಂಧ ಇಲ್ಲ. ಬಲೆಯಲ್ಲಿ ಸಿಕ್ಕಿ ಮೇಲೆ ಬರೋಕೆ ಆಗದಿದ್ದರೆ ಬಲಿತ ಕೊರಮೀನು ನೀರಿನಲ್ಲೇ ಉಸಿರುಗಟ್ಟಿ ಸಾಯುತ್ತದೆ. ನೀನು ಬಲೆ ಎತ್ತುವಾಗ ನೋಡಿರಬೇಕು, ಅಲ್ವಾ?

ಕಂಪ್ಲಿ ಹರಿಗೋಲು

ಹೌದು ಮೇಷ್ಟ್ರೇ, ನೋಡಿದ್ದೇನೆ! ತಡವಾಗಿ ಎತ್ತಿದರೆ ರೋಹು ಮಿಸುಕಾಡುತ್ತಿರುತ್ತದೆ, ಕೊರಮೀನು ಸತ್ತಿರುತ್ತದೆ. ಗಟ್ಟಿ ಮೀನು ಹೀಗ್ಯಾಕೆ ಅಂತ ನಾವು ಮಾತಾಡಿಕೊಳ್ಳುತ್ತಿದ್ದೆವು. ಈಗ ತಿಳಿಯಿತು.

ಇನ್ನೊಂದು ಕೇಳುತ್ತೇನೆ. ಬಲೆ ಬಿಟ್ಟ ಮೇಲೆ ಹರಿಗೋಲಿನ ಅಂಚಿಗೆ ಕೋಲಿನಿಂದ ಬಡಿಯುತ್ತೇವೆ, ಮೀನು ಬೆದರಿ ಬಲೆ ಕಡೆ ಓಡುತ್ತವೆ. ಕಿವಿಯೇ ಕಾಣದ ಮೀನಿಗೆ ಕೇಳೋದು ಹೇಗೆ?

ಸಿಂಧನೂರು ಕೆರೆ

ಮೇಷ್ಟ್ರು ಬರೋ ತನಕ ನನ್ನದೊಂದು ಮಾತು. ನಾನು ಕಾಲುವೆ ನೀರಿನಲ್ಲಿ ಹೊಂಡ ಮಾಡಿ ಮೀನು ಸಾಕುತ್ತೇನೆ. ಇಲ್ಲಿ ಆರ್.ಎಚ್. ಕ್ಯಾಂಪ್, ಅಂದರೆ ನಿರಾಶ್ರಿತರ ಪುನರ್ವಸತಿ ಕ್ಯಾಂಪ್‌ಗಳಲ್ಲಿ ಬಂಗಾಳಿ ಮಾತಾಡುವ ಜನ ಇದ್ದಾರೆ. ಮೀನು ಕೊಳ್ಳುವಾಗ ಅವರು ಕಿವಿರು ಎತ್ತಿ ಬಣ್ಣ ನೋಡೋ ರೀತಿಯಿಂದಲೇ ನಾನು ಅರ್ಧ ಪಾಠ ಕಲಿತೆ.

ತಂಗಿ, ಕಾಟ್ಲಾ, ರೋಹು, ಮೃಗಾಲ್ ಮೂರನ್ನೂ ಪಕ್ಕ ಪಕ್ಕ ಇಟ್ಟು ಬಾಯಿ ನೋಡಿ. ಕಾಟ್ಲಾದ ಬಾಯಿ ಮೇಲಕ್ಕೆ ತೆರೆದಿದೆ, ಅದು ಮೇಲಿನ ನೀರಿನಲ್ಲಿ ತಿನ್ನುತ್ತದೆ. ಮೃಗಾಲ್ ಬಾಯಿ ಕೆಳಕ್ಕೆ, ತಳದಲ್ಲಿ ಮೇಯುತ್ತದೆ. ರೋಹು ನಡುವೆ, ತುಟಿಗೆ ಜಾಲರಿ ಇದೆ. ಅದಕ್ಕೇ ಮೂರನ್ನೂ ಒಂದೇ ಹೊಂಡದಲ್ಲಿ ಬಿಡುತ್ತೇವೆ. ಒಂದರ ಊಟಕ್ಕೆ ಇನ್ನೊಂದು ಜಾಸ್ತಿ ಅಡ್ಡ ಬರೋದಿಲ್ಲ.

ಇವು ಮೂರೂ ಗಂಗೆಯ ಕಡೆ ಮೀನುಗಳು, ನಮ್ಮ ತುಂಗಭದ್ರೆಯವಲ್ಲ. ಇಲ್ಲಿಗೆ ತಂದು ಬಿಟ್ಟಿದ್ದು. ಮೂರಕ್ಕೂ ಶಾಸ್ತ್ರೀಯ ಹೆಸರು ಕೊಟ್ಟವರು ಫ್ರಾನ್ಸಿಸ್ ಹ್ಯಾಮಿಲ್ಟನ್, 1822ರಲ್ಲಿ. 1800–01ರಲ್ಲಿ ಮೈಸೂರು ಸೀಮೆಯೆಲ್ಲಾ ತಿರುಗಿ ವರದಿ ಬರೆದ ಬುಕಾನನ್ ಇವರೇ, ಆಮೇಲೆ ಹೆಸರು ಬದಲಾಯಿಸಿಕೊಂಡರು. ಮೊದಲು ಮರಿ ಬೇಕು ಅಂದರೆ ನದಿಯಿಂದಲೇ ಹಿಡಿದು ತರಬೇಕಿತ್ತು, ಈ ಮೀನುಗಳು ನಿಂತ ನೀರಿನಲ್ಲಿ ಮೊಟ್ಟೆ ಇಡೋದಿಲ್ಲ. 1957ರ ಜುಲೈ 10ರಂದು ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಅವರು ಮೀನಿನ ಮಿದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿಯ ರಸ ಚುಚ್ಚಿ ಮೊಟ್ಟೆ ಇಡಿಸಿದರು. ಅದಕ್ಕೇ ಜುಲೈ 10 ಮೀನು ಕೃಷಿಕರ ದಿನ. ನನ್ನ ಹೊಂಡದ ಮರಿಗಳೂ ಅದೇ ವಿದ್ಯೆಯಿಂದ ಬಂದವು. ನೀವು ಗ್ರಂಥಿಗಳ ಪಾಠ ಓದುವಾಗ ಇದನ್ನ ನೆನೆಸಿಕೊಳ್ಳಿ, ಪಾಠ ಬೇಗ ತಲೆಗೆ ಹೋಗುತ್ತದೆ.

ಮುನಿರಾಬಾದ್ ಹುಡುಗಿ

ಎಲ್ಲರಿಗೂ ಧನ್ಯವಾದ. ಭಾನುವಾರ ಮೇಷ್ಟ್ರು ಹೇಳಿದ ಹಾಗೇ ಮಾಡಿದೆ. ಒಂದೂಕಾಲು ಕೆಜಿ ರೋಹು. ಅಪ್ಪ ಒಂದು ಸಣ್ಣ ಬಾಳೆ ಮೀನನ್ನೂ ಕೊಟ್ಟರು.

ಕಿವಿರು ಮುಚ್ಚಳ ಎತ್ತಿದರೆ ಒಂದೊಂದು ಕಡೆ ನಾಲ್ಕು ಕಮಾನು. ಹೊರಗೆ ಕೆಂಪು ಎಳೆಗಳು, ಒಳಗಡೆ ಬಾಚಣಿಗೆಯಂಥ ಸಾಲು. ಅದರ ಹಿಂದೆ ಗಂಟಲಿನಲ್ಲಿ ಬೆರಳಿಟ್ಟೆ. ಹಲ್ಲು ಸಿಕ್ಕಿತು! ಮೂರು ಸಾಲು, ಒತ್ತೊತ್ತಾಗಿ. ಹೊಟ್ಟೆ ಸೀಳಿದಾಗ ಗಾಳಿಚೀಲ ಇಡಿಯಾಗಿ ಬಂತು, ನಡುವೆ ದಾರ ಕಟ್ಟಿದ ಹಾಗೆ ಎರಡು ಭಾಗ. ಒತ್ತಿದರೆ ಬಲೂನಿನಂತೆ ಮತ್ತೆ ಉಬ್ಬುತ್ತದೆ. ಕರುಳು ಬಿಡಿಸುತ್ತಾ ಹೋದೆ. ಅಂಗಳದಲ್ಲಿ ಸಾಲಾಗಿ ಹಾಸಿದೆ. ಮುಗಿಯಲೇ ಇಲ್ಲ! ಮೀನಿನ ಉದ್ದದ ಎಷ್ಟೋ ಪಟ್ಟು. ಬಾಳೆ ಮೀನಿನ ಕರುಳು ನೋಡಿದರೆ ಗಿಡ್ಡ, ಮೀನಿನಷ್ಟೂ ಉದ್ದ ಇಲ್ಲ. ಹೊಟ್ಟೆಯಲ್ಲಿ ಒಂದು ಇಡೀ ಸಣ್ಣ ಮೀನು ಇತ್ತು. ಮಾಂಸ ತಿನ್ನೋದಕ್ಕೆ ಗಿಡ್ಡ ಕರುಳು, ಪಾಚಿ ತಿನ್ನೋದಕ್ಕೆ ಉದ್ದ ಅಂತ ಪುಸ್ತಕದಲ್ಲಿ ಒಂದು ಸಾಲು ಇದೆ. ಆ ಸಾಲನ್ನ ಪಿಯುಸಿಯಲ್ಲಿ ನಾನು ಬಾಯಿಪಾಠ ಮಾಡಿದ್ದೆ. ಅಂಗಳದಲ್ಲಿ ನೋಡಿದ ಮೇಲೆ ಇನ್ನು ಮರೆಯೋದು ಸಾಧ್ಯವೇ ಇಲ್ಲ.

ಅಮ್ಮ ಮೊದಲು ಬೈದರು. ಆಮೇಲೆ ಅವರೇ ಬಂದು ಪಿತ್ತದ ಚೀಲ ತೋರಿಸಿದರು. ಒಡೆಯದೆ ತೆಗೆಯೋದು ಅವರಿಗೆ ನನಗಿಂತ ಚೆನ್ನಾಗಿ ಬರುತ್ತದೆ.

ಒಂದು ಕಷ್ಟ. ಹೆಸರುಗಳು. ಅಪ್ಪ ಒಂದು ಹೆಸರು ಹೇಳುತ್ತಾರೆ, ಹುಲಿಗಿ ಸಂತೆಯಲ್ಲಿ ಇನ್ನೊಂದು, ಪುಸ್ತಕದಲ್ಲಿ ಲ್ಯಾಟಿನ್. ಜೋಡಿಸೋದು ಹೇಗೆ?

ಬಳ್ಳಾರಿ ಓದುಗ

ಫಿಶ್‌ಬೇಸ್ ಅಂತ ತಾಣ ಇದೆ. ಜಗತ್ತಿನ 35 ಸಾವಿರಕ್ಕೂ ಹೆಚ್ಚು ಮೀನಿನ ಜಾತಿಗಳ ಮಾಹಿತಿ ಅಲ್ಲಿದೆ, ಪುಕ್ಕಟೆ. ಊರೂರಿನ ಹೆಸರಿನಿಂದಲೂ ಹುಡುಕಬಹುದು. ಆದರೆ ಆಡುಮಾತಿನ ಹೆಸರನ್ನೇ ನಂಬಬೇಡಿ, ಒಂದೇ ಹೆಸರು ಎರಡು ಊರಲ್ಲಿ ಎರಡು ಮೀನಿಗೆ ಇರುತ್ತದೆ. ಫೋಟೊ ತೆಗೆದು ಹೋಲಿಸಿ. ಫ್ರಾನ್ಸಿಸ್ ಡೇ ಅವರು 1875ರಿಂದ 1878ರ ತನಕ ಹೊರತಂದ ಭಾರತದ ಮೀನುಗಳ ದೊಡ್ಡ ಪುಸ್ತಕ ಬಯೊಡೈವರ್ಸಿಟಿ ಹೆರಿಟೇಜ್ ಲೈಬ್ರರಿ ಎಂಬ ಆನ್‌ಲೈನ್ ಗ್ರಂಥಾಲಯದಲ್ಲಿ ಇದೆ. ಅದರ ಚಿತ್ರಗಳು ಒಂದೊಂದು ಹುರುಪೆಯೂ ಎಣಿಸೋ ಹಾಗಿವೆ. ನಿಮ್ಮ ಟಿಪ್ಪಣಿಯಲ್ಲಿ ಅಪ್ಪ ಹೇಳಿದ ಹೆಸರು, ಸಂತೆ ಹೆಸರು, ಲ್ಯಾಟಿನ್ ಹೆಸರು ಮೂರೂ ಬರೆಯಿರಿ. ಸಿಕ್ಕ ಜಾಗ, ದಿನಾಂಕವನ್ನೂ ಬರೆಯಿರಿ.

ವಿಕಾಸದ ಬಗ್ಗೆ ಮಾತ್ರ ಓದೋಕೆ ಇನ್ನೊಂದು: ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು ಬೆನ್ನೆಲುಬಿರುವ ಪ್ರಾಣಿಗಳ ಶುರುವಿನ ಕಾಲದ ಬಗ್ಗೆ ಒಂದು ಸಣ್ಣ ಕೋರ್ಸನ್ನ ಕೋರ್ಸೆರಾ ಎಂಬ ಆನ್‌ಲೈನ್ ಪಾಠದ ತಾಣದಲ್ಲಿ ಹಾಕಿದ್ದಾರೆ. ಪೂರ್ತಿ ಮೀನಿನದೇ ಕಥೆ. ಇಂಗ್ಲಿಷ್. ನಾನು ಒಂದು ವಿಡಿಯೊವನ್ನ ಮೂರು ಸಲ ನೋಡುತ್ತಿದ್ದೆ, ಮೂರನೇ ಸಲ ಕನ್ನಡದಲ್ಲಿ ಟಿಪ್ಪಣಿ ಬರೆಯುತ್ತಿದ್ದೆ.

ಮಾನ್ವಿ ಮೇಷ್ಟ್ರು

ಹರಿಗೋಲು ತಮ್ಮನ ಪ್ರಶ್ನೆಗೆ ಉತ್ತರ ಮಗಳ ತಟ್ಟೆಯಲ್ಲೇ ಇದೆ. ಆ ಎರಡು ಭಾಗದ ಗಾಳಿಚೀಲ. ರೋಹು, ಬಾಳೆ, ಚೇಳು ಮೀನು ಈ ಬಳಗದಲ್ಲಿ ಕತ್ತಿನ ಹತ್ತಿರದ ಬೆನ್ನೆಲುಬಿನ ತುಣುಕುಗಳು ಸಣ್ಣ ಎಲುಬಿನ ಸರಪಳಿ ಆಗಿವೆ. ಅವು ಗಾಳಿಚೀಲವನ್ನ ತಲೆಯೊಳಗಿನ ಕಿವಿಗೆ ಜೋಡಿಸುತ್ತವೆ. ಹರಿಗೋಲಿಗೆ ಬಡಿದರೆ ನೀರು ಅದುರುತ್ತದೆ, ಚೀಲ ಅದುರುತ್ತದೆ, ಎಲುಬು ಅದನ್ನ ಕಿವಿಗೆ ಮುಟ್ಟಿಸುತ್ತದೆ. ನಮ್ಮ ಕಿವಿಯಲ್ಲೂ ಮೂರು ಸಣ್ಣ ಎಲುಬು ಇವೆ. ನಮ್ಮವು ಬಂದಿದ್ದು ಹಳೆಯ ಮೀನುಗಳ ದವಡೆ ಮತ್ತು ಕಿವಿರಿನ ಹತ್ತಿರದ ಎಲುಬುಗಳಿಂದ. ರೋಹುವಿನದು ಬೆನ್ನೆಲುಬಿನಿಂದ. ಕೆಲಸ ಒಂದೇ, ಸಾಮಾನು ಬೇರೆ. ನನಗೆ ಇಡೀ ವಿಕಾಸದ ಪಾಠದಲ್ಲಿ ಅತಿ ಇಷ್ಟವಾದದ್ದು ಇದೇ. ಈಗಲೂ ಹೇಳುವಾಗ ಮೈ ಜುಮ್ ಅನ್ನುತ್ತದೆ.

ಶ್ವಾಸಕೋಶ, ಗಾಳಿಚೀಲದ ವಿಷಯದಲ್ಲಿ ಡಾರ್ವಿನ್ ಕೂಡ ತಿರುಗಾ ಮುರುಗಾ ಅಂದುಕೊಂಡಿದ್ದರು. ಗಾಳಿಚೀಲ ಮೊದಲು, ಅದರಿಂದ ಶ್ವಾಸಕೋಶ ಅಂತ. ಈಗ ತಿಳಿದಿರೋದು ಶ್ವಾಸಕೋಶವೇ ಹಳೆಯದು ಅಂತ. ದೊಡ್ಡವರು ಬರೆದದ್ದೂ ತಿದ್ದಲ್ಪಡುತ್ತದೆ, ಪರೀಕ್ಷೆಗೆ ಓದುವಾಗ ಇದನ್ನ ನೆನಪಿಡು.

ಕಂಪ್ಲಿ ಹರಿಗೋಲು

ಅಕ್ಕಾ, ನಿಮ್ಮ ಟಿಪ್ಪಣಿಗೆ ನಾನೂ ಸೇರಿಸುತ್ತೇನೆ. ಮುದ್ಲಾಪುರದಿಂದ ಕಂಪ್ಲಿ ತನಕ 34 ಕಿಲೋಮೀಟರ್ ನದಿಯನ್ನ 2015ರಲ್ಲಿ ನೀರುನಾಯಿ ಸಂರಕ್ಷಣಾ ಪ್ರದೇಶ ಮಾಡಿದ್ದಾರೆ. ನಮಗೂ ನೀರುನಾಯಿಗೂ ಬೇಕಾಗಿರೋದು ಒಂದೇ ಮೀನು. ಬಲೆ ಹರಿದರೆ ಸಿಟ್ಟು ಬರುತ್ತದೆ, ನಿಜ. ಆದರೆ ಅವು ಇರೋ ಕಡೆ ಮೀನು ಇದೆ. ಮದ್ದು ಸಿಡಿಸಿ ಮೀನು ಹಿಡಿಯೋರು ಮರಿ, ಮೊಟ್ಟೆ, ನೀರುನಾಯಿ ಎಲ್ಲಾ ಕೊಲ್ಲುತ್ತಾರೆ. ಅದು ನಿಲ್ಲಬೇಕು.

ಅಜ್ಜ ಹೇಳುತ್ತಿದ್ದರು, ಡ್ಯಾಮ್ ಕಟ್ಟೋ ಮೊದಲು ಹೊಸ ನೀರು ಬಂದಾಗ ಮೀನುಗಳು ಸಾಲುಗಟ್ಟಿ ಮೇಲೆ ಏರುತ್ತಿದ್ದವು ಅಂತ. 1953ರ ಮೇಲೆ ಗೋಡೆ ಅಡ್ಡ ಬಂತು. ಮೀನು ಯಾಕೆ ಏರುತ್ತದೆ, ಏರದಿದ್ದರೆ ಏನಾಗುತ್ತದೆ, ಅದನ್ನ ಓದಿ ನಮಗೆ ಹೇಳಿ. ಕೇಳೋರು ನಾವು ತುಂಬಾ ಜನ ಇದ್ದೇವೆ.

ಮುನಿರಾಬಾದ್ ಹುಡುಗಿ

ಖಂಡಿತ ಅಣ್ಣ. ಡ್ಯಾಮಿನ ಕೆಳಗೆ ಮಳೆಗಾಲದಲ್ಲಿ ಗೋಡೆ ಹತ್ತಿರ ಮೀನು ಗುಂಪು ಸೇರೋದು ನಾನೂ ನೋಡಿದ್ದೇನೆ. ಅದನ್ನೇ ಮೊದಲು ಓದುತ್ತೇನೆ.

ಪ್ರಾದೇಶಿಕ ಕೇಂದ್ರಕ್ಕೆ ಇಮೇಲ್ ಕಳಿಸಿದೆ. ಯಜಮಾನರು ಲ್ಯಾಬ್ ದಿನಗಳಿಗೆ ರಜೆ ಕೊಡುತ್ತೇನೆ ಅಂದರು, ಗೊಬ್ಬರದ ಸೀಸನ್ ಬಿಟ್ಟು. ಡಿಇಬಿ ಐಡಿ ಆಯಿತು. ಮೇಷ್ಟ್ರೇ, ಮೀನಿನ ತಲೆಯಲ್ಲಿ ಕಿವಿಕಲ್ಲು ಇರುತ್ತದೆ, ಅದರಲ್ಲಿ ವಯಸ್ಸಿನ ಗೆರೆ ಇರುತ್ತವೆ ಅಂತ ಓದಿದೆ. ರೋಹು ತಲೆಯಲ್ಲಿ ಹುಡುಕಿದೆ, ಸಿಗಲಿಲ್ಲ.

ಮಾನ್ವಿ ಮೇಷ್ಟ್ರು

ರೋಹುವಿನದು ತೆಳು, ಕೈಗೆ ಬರೋದು ಕಷ್ಟ. ಮೊದಲು ಜಿಲೇಬಿ ಮೀನಿನಲ್ಲಿ ನೋಡು, ಇಲ್ಲಾ ಕೊರಮೀನಿನಲ್ಲಿ. ಅವುಗಳ ಕಲ್ಲು ದೊಡ್ಡದು. ತಲೆಯನ್ನ ಮೇಲಿನಿಂದ ತೆರೆ, ಮಿದುಳನ್ನ ಚಿಮಟದಿಂದ ಮೆಲ್ಲಗೆ ಎತ್ತು. ಅದರ ಕೆಳಗೆ, ಹಿಂದುಗಡೆ, ಎರಡೂ ಬದಿ ಒಂದೊಂದು ಗುಳಿ ಇದೆ. ಬಿಳಿ ಅಕ್ಕಿ ನುಚ್ಚಿನ ಹಾಗೆ ಕಾಣುತ್ತದೆ. ತೊಳೆದು ಒಣಗಿಸಿ ಕರಿ ಕಾಗದದ ಮೇಲೆ ಇಡು. ನಮ್ಮ ಕಡೆ ಚಳಿ ಜೋರಿಲ್ಲ, ಅದಕ್ಕೆ ಗೆರೆ ಅಷ್ಟು ಸ್ಪಷ್ಟ ಇರೋಲ್ಲ, ಬೇಸರ ಮಾಡಿಕೊಳ್ಳಬೇಡ. ಎರಡೂ ಕಲ್ಲು ತೆಗೆದಿಡು. ಒಂದು ಒಡೆದರೆ ಇನ್ನೊಂದು ಇರಲಿ.